ಶಬ್ದವೂ ಪರಿಗ್ರಹವೇ?

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಬಹು ಸುಲಭವಾಗಿ ಸ್ವೀಕರಿಸಲ್ಪಡುವುದೂ ಬಹು ಸುಲಭವಾಗಿ ಮರೆತುಹೋಗುವುದೂ ಪರಿಗ್ರಹ ಪರಿಮಾಣ ವ್ರತವೇ ಆಗಿದೆ. ಹಿಂಸೆ ಕಣ್ಣಿಗೆ ಕಾಣುತ್ತದೆ. ಅಸತ್ಯವು ಆಡಿದವನ ಮನಸ್ಸನ್ನೇ ಚುಚ್ಚುತ್ತದೆ. ಕಳವಿಗೆ ಇಂದಲ್ಲ ನಾಳೆ ಸಾಕ್ಷಿ ದೊರೆಯುತ್ತದೆ. ಆದರೆ ತನ್ನ ದುಡಿಮೆಯ ಹಣ ಕೊಟ್ಟು, ರಸೀದಿ ಪಡೆದು, ತೆರಿಗೆ ಸಲ್ಲಿಸಿ, ಹಗಲು ಹೊತ್ತಿನಲ್ಲಿ ಎಲ್ಲರ ಎದುರಿಗೆ ಮನೆಗೆ ತಂದ ವಸ್ತುವಿನಲ್ಲಿ ದೋಷವೆಲ್ಲಿದೆ ಎಂದು ಗೃಹಸ್ಥನು ಕೇಳಿದರೆ ಉತ್ತರಿಸುವುದು ಕಷ್ಟ. ಅದರಲ್ಲೂ ಆ ವಸ್ತು ಯಾರಿಗೂ ಕೇಡು ಮಾಡುವಂತೆ ಕಾಣದೆ ಮನೆಮಂದಿಗೆಲ್ಲ ಸಂತೋಷ ಕೊಡುವಂಥದ್ದಾದರೆ ಇನ್ನೂ ಕಷ್ಟ. ಹೋಮ್ ಥಿಯೇಟರ್ ರಿಸೀವರ್ ಎಂಬ ಯಂತ್ರವು ಅಂಥ ವಸ್ತುಗಳಲ್ಲೊಂದು.

ಈ ಯಂತ್ರವನ್ನು ಹತ್ತಿರದಿಂದ ನೋಡದವರಿಗಾಗಿ ಎರಡು ಮಾತು ಅಗತ್ಯ. ನೋಡುವುದಕ್ಕೆ ಅದೊಂದು ಭಾರವಾದ ಕಪ್ಪು ಪೆಟ್ಟಿಗೆ. ಮುಂದೆ ಒಂದೆರಡು ತಿರುಗುಗುಂಡಿ, ಹಿಂದೆ ಹತ್ತಾರು ರಂಧ್ರಗಳು ಮತ್ತು ವೈರ್ ಬಿಗಿಯುವ ಕೆಂಪು-ಕಪ್ಪು ಮೊಳೆಗಳು. ಅದು ತಾನಾಗಿ ಚಿತ್ರವನ್ನೂ ಸೃಷ್ಟಿಸುವುದಿಲ್ಲ, ಧ್ವನಿಯನ್ನೂ ಸೃಷ್ಟಿಸುವುದಿಲ್ಲ. ಡಿಸ್ಕ್ ಪ್ಲೇಯರ್, ಸೆಟ್-ಟಾಪ್ ಬಾಕ್ಸ್, ಮೊಬೈಲ್, ರೇಡಿಯೊ ಇವೆಲ್ಲವುಗಳಿಂದ ಬರುವುದನ್ನು ಸ್ವೀಕರಿಸಿ, ಚಿತ್ರವನ್ನು ಟಿ.ವಿ.ಗೆ ಕಳುಹಿಸಿ, ಧ್ವನಿಯನ್ನು ಬಿಡಿಸಿ, ಬಲಗೊಳಿಸಿ, ಕೋಣೆಯ ಸುತ್ತಲಿನ ಸ್ಪೀಕರ್‌ಗಳಿಗೆ ಹಂಚುತ್ತದೆ. 5.1 ಎಂಬ ಲೆಕ್ಕದಲ್ಲಿ ಎದುರಿಗೆ ಎಡಬಲ ಎರಡು, ಮಾತಿಗಾಗಿ ನಡುವೆ ಒಂದು, ಕುಳಿತವರ ಪಕ್ಕಕ್ಕೆ ತುಸು ಹಿಂದೆ ಎರಡು, ಹೀಗೆ ಐದು ಸ್ಪೀಕರ್‌ಗಳು. ಬಿಂದುವಿನ ಮುಂದಿನ ಒಂದು ಎಂದರೆ ಗುಡುಗಿನಂಥ ಮಂದ್ರಧ್ವನಿಗೆ ಮೀಸಲಾದ ಸಬ್‌ವೂಫರ್. ಚಿತ್ರಮಂದಿರಗಳಲ್ಲಿ ಈ ಬಗೆಯ ಡಿಜಿಟಲ್ ಧ್ವನಿ 1992-93ರ ವೇಳೆಗೆ ಬಂದಿತು. ನಂತರ ಕೆಲವೇ ವರ್ಷಗಳಲ್ಲಿ ಮನೆಗಳಿಗೂ ಇಳಿಯಿತು. ಕೇಳುಗನ ಸುತ್ತಲೂ ಧ್ವನಿ ಇರಬೇಕೆಂಬ ಆಸೆ ಅದಕ್ಕಿಂತ ಹಳೆಯದು. 1940ರಲ್ಲಿ ಡಿಸ್ನಿ ಸಂಸ್ಥೆಯು ‘ಫ್ಯಾಂಟೇಸಿಯಾ’ ಚಿತ್ರಕ್ಕಾಗಿಯೇ ಅಂಥದೊಂದು ವ್ಯವಸ್ಥೆಯನ್ನು ಮಾಡಿತ್ತು.

ಸಂಸ್ಕೃತದಲ್ಲಿ ‘ಪರಿ’ ಎಂದರೆ ಸುತ್ತಲೂ, ‘ಗ್ರಹ’ ಎಂದರೆ ಹಿಡಿಯುವುದು, ಸ್ವೀಕರಿಸುವುದು. ಸುತ್ತಲೂ ಧ್ವನಿಯನ್ನು ಹರಡುವ, ‘ಸ್ವೀಕರಿಸುವವನು’ ಎಂಬ ಅರ್ಥದ ಇಂಗ್ಲಿಷ್ ಹೆಸರುಳ್ಳ ಈ ಪೆಟ್ಟಿಗೆಯನ್ನು ನೋಡಿದಾಗ ಪರಿಗ್ರಹ ಶಬ್ದವು ನೆನಪಾಗುವುದು ಕೇವಲ ಪದದ ಆಟವೆಂದು ಯಾರಾದರೂ ಹೇಳಬಹುದು. ಇರಲಿ. ಪದ ಹಾಗಿರಲಿ, ಪದಾರ್ಥವನ್ನು ನೋಡೋಣ.

ರಾಯದುರ್ಗದಲ್ಲಿ ಒಂದು ಮನೆಯನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾಗುವವರೆಗೂ ಈ ತಾಲ್ಲೂಕು ಬಳ್ಳಾರಿ ಜಿಲ್ಲೆಯಲ್ಲಿತ್ತು. ಗಡಿ ಬದಲಾದರೂ ಮನೆಯ ಮಾತು ಬದಲಾಗಲಿಲ್ಲ. ಒಳಗೆ ಕನ್ನಡ, ಪೇಟೆಯಲ್ಲಿ ತೆಲುಗು, ರಾಜಸ್ಥಾನದಿಂದ ಬಂದು ನೆಲೆಸಿದ ಸಹಧರ್ಮಿಗಳೊಡನೆ ಹಿಂದಿ. ಊರಿನ ತುಂಬ ಜೀನ್ಸ್ ಹೊಲಿಗೆಯ ಸದ್ದು. ಈ ಮನೆಯ ಯಜಮಾನರದೂ ಅದೇ ಉದ್ಯೋಗ. ದಿನವಿಡೀ ಹೊಲಿಗೆ ಯಂತ್ರಗಳ ಗದ್ದಲದಲ್ಲಿ ಕಳೆಯುವ ಮನುಷ್ಯನು ಸಂಜೆ ಮನೆಗೆ ಬಂದು ಇನ್ನಷ್ಟು ಸದ್ದನ್ನು ಹಣ ಕೊಟ್ಟು ಏಕೆ ಕೊಳ್ಳುತ್ತಾನೆ ಎಂಬುದು ಯೋಚಿಸತಕ್ಕ ಪ್ರಶ್ನೆ. ಯಜಮಾನರ ಉತ್ತರ ಸರಳವಾಗಿದೆ. ಹೊಲಿಗೆಯ ಸದ್ದು ಬೇಡದ ಸದ್ದು. ಇದು ಬೇಕಾದ ಸದ್ದು. ಇದರೊಂದಿಗೆ ಇನ್ನೂ ಒಂದು ಕಾರಣವಿದೆ. ಮನೆಯಲ್ಲಿರುವ ವೃದ್ಧ ತಾಯಿಗೆ ಕಿವಿ ಮಂದವಾಗಿದೆ. ಟಿ.ವಿ.ಯಲ್ಲಿ ಮುನಿಗಳ ಪ್ರವಚನ ಬಂದಾಗ ಹಿನ್ನೆಲೆಯ ವಾದ್ಯ ಕೇಳಿಸುತ್ತದೆ, ಮಾತು ಕೇಳಿಸುವುದಿಲ್ಲ. ರಿಸೀವರ್ ಇದ್ದರೆ ನಡುವಿನ ಸ್ಪೀಕರ್ ಒಂದನ್ನೇ ಏರಿಸಿ ಮಾತನ್ನು ಸ್ಪಷ್ಟಗೊಳಿಸಬಹುದು ಎಂದು ಅಂಗಡಿಯವನು ಹೇಳಿದ್ದು ಸುಳ್ಳಲ್ಲ. ನಿಜವಾಗಿಯೂ ಆ ಅನುಕೂಲವಿದೆ.

ತೊಡಕು ಬೇರೆ ಕಡೆ ಇದೆ. ಯಜಮಾನರು ಕೆಲವು ವರ್ಷಗಳ ಹಿಂದೆ ಪರ್ವದ ದಿನಗಳಲ್ಲಿ ಪರಿಮಾಣ ವ್ರತವನ್ನು ಸ್ವೀಕರಿಸಿದ್ದಾರೆ. ಹೊಲ ಇಷ್ಟು, ಬಂಗಾರ ಇಷ್ಟು, ವಾಹನ ಇಷ್ಟು ಎಂದು ಬರೆದುಕೊಳ್ಳುವಾಗ ಮನೆಯ ವಿದ್ಯುತ್ ಉಪಕರಣಗಳಿಗೂ ಒಂದು ಸಂಖ್ಯೆ ಬರೆದಿದ್ದಾರೆ. ಆ ಸಂಖ್ಯೆಯಲ್ಲಿ ಇನ್ನು ಒಂದೇ ಸ್ಥಾನ ಉಳಿದಿದೆ. ರಿಸೀವರ್ ಒಂದು ವಸ್ತುವೇ, ಏಳು ವಸ್ತುಗಳೇ? ಪೆಟ್ಟಿಗೆ ಒಂದು, ಆದರೆ ಸ್ಪೀಕರ್‌ಗಳಿಲ್ಲದೆ ಅದು ಮೂಕ. ಸ್ಪೀಕರ್‌ಗಳನ್ನು ಎಣಿಸಿದರೆ ವ್ರತಭಂಗ, ಎಣಿಸದಿದ್ದರೆ ಆತ್ಮವಂಚನೆ. ಮಗನ ವಾದ ಇನ್ನೂ ಜಾಣತನದ್ದು. ಈ ಒಂದು ಪೆಟ್ಟಿಗೆ ಬಂದರೆ ಹಳೆಯ ರೇಡಿಯೊ, ಟೇಪ್ ರೆಕಾರ್ಡರ್, ಚಿಕ್ಕ ಆಂಪ್ಲಿಫೈಯರ್ ಮೂರೂ ಹೊರಗೆ ಹೋಗುತ್ತವೆ. ಆದ್ದರಿಂದ ಪರಿಗ್ರಹ ಕಡಿಮೆಯಾಗುತ್ತದೆಯೇ ಹೊರತು ಹೆಚ್ಚುವುದಿಲ್ಲ ಎಂದು ಅವನು ಹೇಳುತ್ತಾನೆ. ಲೆಕ್ಕಪತ್ರದಲ್ಲಿ ಪಳಗಿದ ವ್ಯಾಪಾರಿ ಮನೆತನದ ಹುಡುಗ!

ಎಣಿಕೆಯ ಬಗ್ಗೆ ಹಗುರವಾಗಿ ಮಾತನಾಡುವುದು ಸರಿಯಲ್ಲ. ಶ್ವೇತಾಂಬರ ಆಗಮಗಳಲ್ಲಿ ಒಂದಾದ ಉಪಾಸಕದಶಾಂಗದಲ್ಲಿ ವಾಣಿಜ್ಯಗ್ರಾಮದ ಆನಂದ ಶ್ರಾವಕನ ಕಥೆ ಇದೆ. ಭಗವಾನ್ ಮಹಾವೀರರ ಸನ್ನಿಧಿಯಲ್ಲಿ ಆತನು ವ್ರತ ಸ್ವೀಕರಿಸಿದಾಗ ನಿಧಿಯಲ್ಲಿ ನಾಲ್ಕು ಕೋಟಿ, ವ್ಯಾಪಾರದಲ್ಲಿ ನಾಲ್ಕು ಕೋಟಿ, ಗೃಹೋಪಯೋಗದಲ್ಲಿ ನಾಲ್ಕು ಕೋಟಿ ಸುವರ್ಣ ಎಂದು ಮಿತಿ ಹಾಕಿಕೊಂಡನು. ಐನೂರು ನೇಗಿಲು, ಗೋವುಗಳ ನಾಲ್ಕು ಹಿಂಡು ಎಂದು ಎಣಿಸಿದನು. ಕೊನೆಗೆ ಮೈ ಒರೆಸುವ ಬಟ್ಟೆ ಯಾವುದು, ಹಲ್ಲುಜ್ಜುವ ಕಡ್ಡಿ ಯಾವ ಗಿಡದ್ದು ಎಂಬುದನ್ನೂ ನಿಶ್ಚಯಿಸಿದನು. ಗಮನಿಸಬೇಕಾದದ್ದೇನೆಂದರೆ ಆನಂದನು ಇದ್ದದ್ದನ್ನು ಬಿಟ್ಟುಕೊಡಲಿಲ್ಲ, ಇದ್ದಷ್ಟರಲ್ಲಿ ಗೆರೆ ಎಳೆದನು. ಇಂದಿನವರಿಗೆ ಇದು ಅಲ್ಪವೆನಿಸಬಹುದು. ಕೋಟ್ಯಧಿಪತಿಯು ತನ್ನ ಕೋಟಿಗಳನ್ನು ಇಟ್ಟುಕೊಂಡು ವ್ರತಿಯೆನಿಸಿಕೊಳ್ಳುವುದಾದರೆ ವ್ರತಕ್ಕೆ ಬೆಲೆಯೇನು? ಆದರೆ ಗೆರೆ ಎಳೆದ ಮರುಕ್ಷಣದಿಂದ ವ್ಯಾಪಾರಿಯೊಬ್ಬನ ಮನಸ್ಸಿನಲ್ಲಿ ಏನಾಗುತ್ತದೆಂಬುದನ್ನು ವ್ಯಾಪಾರಿಗಳೇ ಬಲ್ಲರು. ನಾಳೆ ಬರುವ ಲಾಭವು ಇನ್ನು ಅವನದಲ್ಲ. ಹಲ್ಲುಕಡ್ಡಿಯವರೆಗೆ ಇಳಿದ ಆ ಪಟ್ಟಿಯು ವಸ್ತುಗಳ ಪಟ್ಟಿಯಲ್ಲ, ಗಮನದ ಪಟ್ಟಿ. ತಾನು ಏನನ್ನು ಮುಟ್ಟುತ್ತಿದ್ದೇನೆಂಬುದನ್ನು ಒಮ್ಮೆಯಾದರೂ ನೋಡಿ ಮುಟ್ಟುವ ಅಭ್ಯಾಸ.

ಆಚಾರ್ಯ ಉಮಾಸ್ವಾತಿಗಳು ಪರಿಗ್ರಹವನ್ನು ಮೂರ್ಛೆ ಎಂದು ನಿರೂಪಿಸಿದ್ದಾರೆ. ಕನ್ನಡದಲ್ಲಿ ಮೂರ್ಛೆ ಎಂದರೆ ಎಚ್ಚರ ತಪ್ಪಿ ಬೀಳುವುದು ಎಂದೇ ಅರ್ಥ ಬಳಕೆಯಲ್ಲಿದೆ. ಶಾಸ್ತ್ರದ ಅರ್ಥವಾದ ಮಮತ್ವವೂ ಇದಕ್ಕಿಂತ ದೂರದ್ದಲ್ಲ. ಹೊರಗಿನ ಪರಿಗ್ರಹ ಹತ್ತು ಬಗೆ, ಒಳಗಿನದು ಹದಿನಾಲ್ಕು ಬಗೆ ಎಂದು ಎಣಿಸುವ ಸಂಪ್ರದಾಯವಿದೆ. ಹೊರಗಿನದನ್ನು ಉಗ್ರಾಣದಲ್ಲಿ ಎಣಿಸಬಹುದು. ಒಳಗಿನದನ್ನು ಎಲ್ಲಿ ಎಣಿಸುವುದು? ಈ ದೃಷ್ಟಿಯಿಂದ ನೋಡಿದರೆ ತಂದೆಯ ಎಣಿಕೆಗೂ ಮಗನ ಎಣಿಕೆಗೂ ಅಷ್ಟಾಗಿ ವ್ಯತ್ಯಾಸವಿಲ್ಲ. ಇಬ್ಬರೂ ಪೆಟ್ಟಿಗೆಗಳನ್ನು ಎಣಿಸುತ್ತಿದ್ದಾರೆ.

ಅಂತೂ ರಿಸೀವರ್ ಮನೆಗೆ ಬಂದಿತು ಎಂದಿಟ್ಟುಕೊಳ್ಳೋಣ. ಲಂಗೋಟಿಯನ್ನು ಇಲಿಯಿಂದ ಕಾಯಲು ಬೆಕ್ಕು, ಬೆಕ್ಕಿನ ಹಾಲಿಗೆ ಹಸು, ಹಸುವನ್ನು ಮೇಯಿಸಲು ಆಳು ಎಂದು ಸಂನ್ಯಾಸಿಗೆ ಸಂಸಾರವಾದ ಕಥೆಯನ್ನು ಎಲ್ಲರೂ ಕೇಳಿದ್ದಾರೆ. ರಿಸೀವರಿನ ಸಂಸಾರವೂ ಹೀಗೆಯೇ ಬೆಳೆಯುತ್ತದೆ. ಬೇಸಿಗೆಯಲ್ಲಿ ವೋಲ್ಟೇಜ್ ಏರಿಳಿಯುವುದರಿಂದ ಸ್ಟೆಬಿಲೈಸರ್ ಬೇಕು. ಪೆಟ್ಟಿಗೆ ಬಿಸಿಯಾಗುವುದರಿಂದ ಮೇಲೆ ಗಾಳಿಯಾಡುವ ಜಾಗವಿರುವ ಹೊಸ ಸ್ಟ್ಯಾಂಡ್ ಬೇಕು. ಸ್ಪೀಕರ್ ವೈರ್ ನೆಲದ ಮೇಲೆ ಹರಿದಾಡಿದರೆ ಅಜ್ಜಿಯ ಕಾಲಿಗೆ ತೊಡಕುತ್ತದೆ, ಗೋಡೆ ಕೊರೆದು ಪೈಪಿನಲ್ಲಿ ಹಾಕಬೇಕು. ಗೋಡೆಯ ಸಂದಿನಲ್ಲಿ ಇರುವೆಯ ಸಾಲಿದ್ದರೆ ಕೊರೆಯುವ ಮೊದಲು ನೋಡಬೇಕು. ಬೆಚ್ಚಗಿರುವ ಪೆಟ್ಟಿಗೆಯ ಒಳಕ್ಕೆ ಹಲ್ಲಿ, ಜಿರಲೆ ನುಗ್ಗುತ್ತವೆ. ಬಳಸದಾಗ ಸ್ವಿಚ್ಚನ್ನು ಗೋಡೆಯಲ್ಲೇ ಆರಿಸಿದರೆ ಆ ಬಿಸಿಯೂ ಇಲ್ಲ, ಜೀವಹಾನಿಯೂ ಕಡಿಮೆ. ಈ ಕೊನೆಯ ಸೂಚನೆಯು ಯಂತ್ರದ ಪುಸ್ತಕದಲ್ಲಿ ಸಿಗಲಾರದು.

ಜೋಡಣೆಯ ಕೆಲಸವನ್ನು ಕೀಳಾಗಿ ಕಾಣಬಾರದು. ಅದರಲ್ಲಿ ಒಂದು ಶಿಸ್ತಿದೆ. ಪ್ರತಿ ವೈರಿನ ಎರಡು ಎಳೆಗಳಲ್ಲಿ ಕೆಂಪಿನದು ಕೆಂಪಿಗೆ, ಕಪ್ಪಿನದು ಕಪ್ಪಿಗೆ ಹೋಗಬೇಕು. ಒಂದು ಕಡೆ ಅದಲುಬದಲಾದರೆ ಒಂದು ಸ್ಪೀಕರ್ ಮುಂದೆ ತಳ್ಳುವಾಗ ಮತ್ತೊಂದು ಹಿಂದೆ ಎಳೆದು ಮಂದ್ರಧ್ವನಿ ಸೊರಗುತ್ತದೆ. ತಾಮ್ರದ ಒಂದು ಕೂದಲೆಳೆ ಪಕ್ಕದ ಮೊಳೆಗೆ ತಾಗಿದರೆ ಶಾರ್ಟ್ ಆಗಿ ಯಂತ್ರವು ತನ್ನನ್ನು ತಾನು ಆರಿಸಿಕೊಳ್ಳುತ್ತದೆ. ಮುಂದಿನ ಎರಡು ಸ್ಪೀಕರ್‌ಗಳು ನಡುವಿನಿಂದ 30 ಡಿಗ್ರಿ ಕೋನದಲ್ಲೂ ಪಕ್ಕದವು ಸುಮಾರು 110 ಡಿಗ್ರಿಯಲ್ಲೂ ಇರಬೇಕೆಂಬ ಅಂತರರಾಷ್ಟ್ರೀಯ ಮಾನವಿದೆ. ಧ್ವನಿಯು ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುವುದರಿಂದ ಒಂದು ಮೀಟರ್ ಹತ್ತಿರವಿರುವ ಸ್ಪೀಕರಿನ ಧ್ವನಿ ಸೆಕೆಂಡಿನ ಸಾವಿರದ ಮೂರು ಪಾಲಿನಷ್ಟು ಮೊದಲೇ ಕಿವಿಗೆ ಬರುತ್ತದೆ. ರಿಸೀವರ್ ಅದನ್ನು ಅಷ್ಟೇ ಕಾಲ ತಡೆದು ಎಲ್ಲವನ್ನೂ ಒಟ್ಟಿಗೆ ತಲುಪಿಸುತ್ತದೆ. ಇದಕ್ಕಾಗಿ ಕುಳಿತುಕೊಳ್ಳುವ ಜಾಗದಲ್ಲಿ ಕಿವಿಯ ಎತ್ತರಕ್ಕೆ ಒಂದು ಚಿಕ್ಕ ಮೈಕನ್ನು ಇಡಬೇಕು. ಯಂತ್ರವು ಒಂದೊಂದಾಗಿ ಎಲ್ಲ ಸ್ಪೀಕರ್‌ಗಳಿಂದ ಸದ್ದು ಹೊರಡಿಸಿ ಅಳೆದುಕೊಳ್ಳುತ್ತದೆ. ಆ ಹೊತ್ತಿನಲ್ಲಿ ಮನೆಯಲ್ಲಿ ಬೇರೆ ಶಬ್ದವಿರಕೂಡದು. ಫ್ಯಾನ್ ಆರಿಸಬೇಕು, ಕುಕ್ಕರ್ ಇಳಿಸಬೇಕು, ಮಕ್ಕಳು ಉಸಿರು ಬಿಗಿಹಿಡಿದು ಕೂರಬೇಕು.

ರಾಯದುರ್ಗದ ಆ ಮನೆಯಲ್ಲಿ ಹೀಗೆ ಎಲ್ಲರೂ ಒಂದೇ ಕೋಣೆಯಲ್ಲಿ ಅಲುಗಾಡದೆ ಮೌನವಾಗಿ ಹತ್ತು-ಹದಿನೈದು ನಿಮಿಷ ಕುಳಿತದ್ದು ಅದೇ ಮೊದಲು. ಅಜ್ಜಿ ಕೇಳಿದರು: “ಇಷ್ಟು ಸುಮ್ಮನೆ ಕೂರೋದು ನಿಮಗೆ ಬರುತ್ತೆ ಅಂತ ಆದ ಮೇಲೆ, ಸಾಮಾಯಿಕಕ್ಕೆ ಕರೆದಾಗ ಯಾಕಪ್ಪಾ ಬರಲ್ಲ?” ಸಾಮಾಯಿಕದ ಕಾಲಾವಧಿ ಒಂದು ಮುಹೂರ್ತ, ಎಂದರೆ 48 ನಿಮಿಷ. ಯಾರೂ ಉತ್ತರ ಕೊಡಲಿಲ್ಲ. ಅಜ್ಜಿಯೂ ಮತ್ತೆ ಕೇಳಲಿಲ್ಲ. ಮೈಕಿಗೆ ಅಜ್ಜಿಯ ದನಿ ಬಿದ್ದುದರಿಂದ ಅಳತೆಯನ್ನು ಮೊದಲಿನಿಂದ ಮಾಡಬೇಕಾಯಿತು.

ಯಂತ್ರದ ಪೆಟ್ಟಿಗೆಯ ಮೇಲೆ ಪ್ರತಿ ಸ್ಪೀಕರಿಗೆ 100 ವ್ಯಾಟ್ ಎಂದು ಬರೆದಿರುತ್ತದೆ ಎನ್ನೋಣ. ಸಾಮಾನ್ಯ ಸ್ಪೀಕರ್ ಒಂದು ವ್ಯಾಟ್ ಶಕ್ತಿಗೆ ಒಂದು ಮೀಟರ್ ದೂರದಲ್ಲಿ ಸುಮಾರು 87 ಡೆಸಿಬಲ್ ಧ್ವನಿ ಕೊಡುತ್ತದೆ. ಇಬ್ಬರು ಎದುರುಬದುರು ಕುಳಿತು ಆಡುವ ಮಾತು ಸುಮಾರು 60 ಡೆಸಿಬಲ್. ಪ್ರತಿ ಹತ್ತು ಡೆಸಿಬಲ್ ಇಳಿಕೆಗೆ ಬೇಕಾಗುವ ಶಕ್ತಿ ಹತ್ತರಲ್ಲಿ ಒಂದು ಪಾಲಾಗುತ್ತದೆ; ಮೂವತ್ತು ಇಳಿದರೆ ಸಾವಿರದಲ್ಲಿ ಒಂದು ಪಾಲು. ಆದ್ದರಿಂದ ಪ್ರವಚನ ಕೇಳುವಾಗ, ವಾರ್ತೆ ಕೇಳುವಾಗ, ಹಳೆಯ ಚಲನಚಿತ್ರ ನೋಡುವಾಗ ಆ 100 ವ್ಯಾಟಿನ ಯಂತ್ರವು ಒಂದು ವ್ಯಾಟಿಗಿಂತಲೂ ಕಡಿಮೆ ಶಕ್ತಿಯಲ್ಲಿ ಕೆಲಸ ಮಾಡುತ್ತಿರುತ್ತದೆ. ಉಳಿದ 99 ವ್ಯಾಟ್ ಎಂದೋ ಬರುವ ಒಂದು ಸ್ಫೋಟದ ದೃಶ್ಯಕ್ಕಾಗಿ ಕಾದಿರುತ್ತದೆ. ಇದನ್ನು ತಪ್ಪೆಂದು ಎಂಜಿನಿಯರುಗಳು ಹೇಳಲಾರರು. ಮೀಸಲು ಶಕ್ತಿ ಇಲ್ಲದ ಯಂತ್ರವು ಏರುದನಿಯಲ್ಲಿ ಒಡಕು ಸದ್ದು ಮಾಡುತ್ತದೆ. ಕಣಜದಲ್ಲಿ ಬರಗಾಲಕ್ಕೆಂದು ಧಾನ್ಯ ತುಂಬಿಡುವ ರೈತನನ್ನು ಯಾರು ದೂಷಿಸುತ್ತಾರೆ? ಆದರೂ ರೈತನ ಮೀಸಲು ಹಸಿವಿಗೆ, ಇದು ಬೆರಗಿಗೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಇಲ್ಲಿ ಅನರ್ಥದಂಡ ವ್ರತದ ಮಾತು ಬರುತ್ತದೆ. ಪ್ರಯೋಜನವಿಲ್ಲದ ಪಾಪವನ್ನು ಬಿಡುವುದೇ ಈ ವ್ರತ. ಗೃಹಸ್ಥನಿಗೆ ಅಡುಗೆ, ವ್ಯಾಪಾರ, ಮನೆ ಕಟ್ಟುವುದು ಇವುಗಳಲ್ಲಿ ಹಿಂಸೆ ತಪ್ಪದು. ಅದು ಅರ್ಥಕ್ಕಾಗಿ ಆದದ್ದು. ಯಾವ ಅರ್ಥವೂ ಇಲ್ಲದೆ ಆಗುವುದು ಅನರ್ಥ. ಅದರ ಐದು ಬಗೆಗಳಲ್ಲಿ ದುಃಶ್ರುತಿ ಎಂಬುದೊಂದು. ರಾಗದ್ವೇಷಗಳನ್ನೂ ಹಿಂಸಾಭಾವವನ್ನೂ ಕೆರಳಿಸುವ ಕಥೆಗಳನ್ನು ಕೇಳುವುದೂ ದೋಷವೆಂದು ಆಚಾರ್ಯರು ಅಂದೇ ಗುರುತಿಸಿದ್ದರು. ಕೊಲ್ಲುವುದು ಮಾತ್ರವಲ್ಲ, ಕೊಲೆಯ ಸದ್ದನ್ನು ಆಸ್ವಾದಿಸುವುದೂ ವಿಚಾರಣೆಗೆ ಬರುತ್ತದೆ. ಸುತ್ತಲಿನ ಐದು ಸ್ಪೀಕರ್‌ಗಳಿಂದ ಗುಂಡಿನ ಸದ್ದು ಕಿವಿಯ ಪಕ್ಕದಲ್ಲೇ ಹಾದುಹೋದಂತೆ ಕೇಳಿದಾಗ ಮನೆಯ ಹುಡುಗರು ಚಪ್ಪಾಳೆ ತಟ್ಟುತ್ತಾರೆ. ಅವರು ಮೆಚ್ಚಿದ್ದು ಗುಂಡನ್ನಲ್ಲ, ಸದ್ದಿನ ನಿಖರತೆಯನ್ನು ಎಂದು ಹೇಳಬಹುದು. ಅದು ಒಂದು ಮಟ್ಟಿಗೆ ನಿಜವೂ ಹೌದು. ಒಳಗಿನ ಹದಿನಾಲ್ಕು ಪರಿಗ್ರಹಗಳಲ್ಲಿ ಹಾಸ್ಯ, ರತಿ, ಅರತಿ, ಶೋಕ, ಭಯ, ಜುಗುಪ್ಸೆ ಎಂಬ ನೋಕಷಾಯಗಳಿವೆ. ಒಂದು ಜನಪ್ರಿಯ ಚಲನಚಿತ್ರಕ್ಕೆ ಬೇಕಾದ ಸಾಮಗ್ರಿಯೂ ಹೆಚ್ಚುಕಡಿಮೆ ಇದೇ ಪಟ್ಟಿ!

ಹಾಗೆಂದು ಕಿವಿಯನ್ನೇ ಶತ್ರುವೆಂದು ಬಗೆಯುವುದು ಜೈನದೃಷ್ಟಿಯಲ್ಲ. ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗಿನ ಜೀವಗಳ ಏಣಿಯಲ್ಲಿ ಶ್ರೋತ್ರವು ಕಟ್ಟಕಡೆಗೆ ದೊರೆಯುವ ಇಂದ್ರಿಯ. ಧರ್ಮವನ್ನು ಕೇಳಿ ತಿಳಿಯುವ ಭಾಗ್ಯ ಆ ಇಂದ್ರಿಯದಿಂದಲೇ. ‘ಶ್ರಾವಕ’ ಎಂಬ ಹೆಸರೇ ಕೇಳುವವನು ಎಂದು ಹೇಳುತ್ತದೆ. ಆನೆ ಸ್ಪರ್ಶದಿಂದ, ಮೀನು ರುಚಿಯಿಂದ, ದುಂಬಿ ಗಂಧದಿಂದ, ಪತಂಗ ರೂಪದಿಂದ, ಜಿಂಕೆ ಬೇಟೆಗಾರನ ಗಾನದಿಂದ ಕೆಟ್ಟವೆಂಬ ದೃಷ್ಟಾಂತವೂ ಹಳೆಯದೇ. ಒಂದೇ ಕಿವಿ ಶ್ರಾವಕನನ್ನು ಮಾಡುತ್ತದೆ, ಜಿಂಕೆಯನ್ನೂ ಮಾಡುತ್ತದೆ. ಸಮವಸರಣದಲ್ಲಿ ದಿವ್ಯಧ್ವನಿಯನ್ನು ಸುತ್ತಲೂ ಕುಳಿತ ಪ್ರತಿಯೊಂದು ಜೀವವೂ ತನ್ನ ತನ್ನ ಭಾಷೆಯಲ್ಲಿ ಗ್ರಹಿಸಿತೆಂದು ಪುರಾಣಗಳು ವರ್ಣಿಸುತ್ತವೆ. ಕನ್ನಡ, ತೆಲುಗು, ಹಿಂದಿ, ಗುಜರಾತಿ ಆಡುವ ಕುಟುಂಬಗಳು ಒಂದೇ ಬಸದಿಯ ಅಂಗಳದಲ್ಲಿ ಕೂಡುವ ಈ ಗಡಿನಾಡಿನವರಿಗೆ ಆ ವರ್ಣನೆಯ ಬೆಲೆ ಚೆನ್ನಾಗಿ ತಿಳಿದಿದೆ. ರಿಸೀವರಿನ ರಿಮೋಟಿನಲ್ಲಿ ಭಾಷೆ ಬದಲಿಸುವ ಗುಂಡಿ ಒತ್ತಿದಾಗ ಇದು ನೆನಪಾದರೆ ನಗಬಾರದು; ಆದರೆ ಒಂದನ್ನೊಂದು ಹೋಲಿಸಲೂ ಬಾರದು. ಅಲ್ಲಿ ಸಾಲಾಗಿ ಕುಳಿತ ಹುಲಿಯೂ ಹಸುವೂ ಕೇಳಿಸಿಕೊಂಡವು. ಇಲ್ಲಿ ಒಂದು ಸೋಫಾದ ನಡುವೆ ಕುಳಿತವನೊಬ್ಬನಿಗೆ ಮಾತ್ರ ಧ್ವನಿ ಸರಿಯಾಗಿ ಕೂಡುತ್ತದೆ. ಪಕ್ಕದಲ್ಲಿ ಕುಳಿತವರಿಗೆ ಅಳತೆ ತಪ್ಪುತ್ತದೆ. ಆ ನಡುವಿನ ಜಾಗ ಯಾರದೆಂಬ ವಿಚಾರದಲ್ಲಿ ಅಣ್ಣತಮ್ಮಂದಿರು ಜಗಳವಾಡಿದ ಮನೆಗಳಿವೆ.

ಶ್ವೇತಾಂಬರ ಸಂಪ್ರದಾಯದ ಕೆಲವು ಸಾಧುಗಳು ವಿದ್ಯುತ್ತಿನಲ್ಲಿ ಅಗ್ನಿಕಾಯದ ಜೀವಗಳಿವೆಯೆಂದು ಬಗೆದು ಇಂದಿಗೂ ಧ್ವನಿವರ್ಧಕವನ್ನು ಬಳಸುವುದಿಲ್ಲ. ಸಾವಿರ ಜನ ಸೇರಿದ್ದರೂ ಕಂಠದ ಶಕ್ತಿ ಇದ್ದಷ್ಟು ದೂರಕ್ಕೇ ಮಾತು. ಗೃಹಸ್ಥನಿಂದ ಅಷ್ಟನ್ನು ಯಾರೂ ನಿರೀಕ್ಷಿಸುವುದಿಲ್ಲ. ಆದರೂ ಆ ನಿಯಮದ ಹಿಂದೆ ಶಬ್ದದ ಬಗೆಗಿನ ಒಂದು ಗಂಭೀರ ತಿಳಿವಳಿಕೆ ಇದೆ. ನ್ಯಾಯ-ವೈಶೇಷಿಕರು ಶಬ್ದವನ್ನು ಆಕಾಶದ ಗುಣವೆಂದರು. ಜೈನ ದಾರ್ಶನಿಕರು ಅದನ್ನು ಒಪ್ಪಲಿಲ್ಲ. ಶಬ್ದವು ಪುದ್ಗಲದ ಪರ್ಯಾಯ, ಅಂದರೆ ಜಡದ್ರವ್ಯದ್ದೇ ಒಂದು ಅವಸ್ಥೆ ಎಂದರು. ಅದು ಹೋಗಿ ತಾಗುತ್ತದೆ, ತಡೆಯಲ್ಪಡುತ್ತದೆ, ತಿರುಗಿ ಬರುತ್ತದೆ. ಹಾಗಿದ್ದಲ್ಲಿ ಸದ್ದು ಮಾಡುವವನು ಕೇವಲ ಸದ್ದು ಮಾಡುತ್ತಿಲ್ಲ, ಏನನ್ನೋ ಎಸೆಯುತ್ತಿದ್ದಾನೆ. ಅದು ಎಲ್ಲಿ ಬೀಳುತ್ತದೆಂದು ನೋಡುವ ಹೊಣೆಯೂ ಅವನದೇ.

ಈ ಹೊಣೆಯ ಪ್ರಶ್ನೆಯು ರಾಯದುರ್ಗಕ್ಕಿಂತ ಮಡಕಶಿರಾದಲ್ಲಿ ಹೆಚ್ಚು ತೀಕ್ಷ್ಣವಾಗಿ ಎದುರಾಗುತ್ತದೆ. ಯಜಮಾನರ ಮಗಳನ್ನು ಅಲ್ಲಿಗೆ ಕೊಟ್ಟಿದೆ ಎಂದು ಕಥೆಯನ್ನು ಮುಂದುವರಿಸಬಹುದು. 2022ರ ಏಪ್ರಿಲ್‌ನಿಂದ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಬಹುಭಾಗ ಕರ್ನಾಟಕದ ಸೀಮೆಯೇ ಸುತ್ತುವರಿದ ಈ ತಾಲ್ಲೂಕಿನಲ್ಲಿ ಕನ್ನಡ-ತೆಲುಗುಗಳು ಒಂದೇ ವಾಕ್ಯದಲ್ಲಿ ಕೂಡಿ ಬರುವುದುಂಟು. ತಂದೆಯ ಮನೆಯಲ್ಲಿ ಕಂಡದ್ದನ್ನು ಮೆಚ್ಚಿ ಅಳಿಯಂದಿರೂ ಅದೇ ರಿಸೀವರನ್ನು, ಅದೇ ಸ್ಪೀಕರ್‌ಗಳನ್ನು ತಂದರು. ರಾಯದುರ್ಗದ ಮನೆ ಹೊಸ ಬಡಾವಣೆಯದು, ಪಕ್ಕದ ನಿವೇಶನ ಖಾಲಿ. ಮಡಕಶಿರಾದ್ದು ಹಳೆಯ ಬೀದಿಯ ಮನೆ. ಒಂದೇ ಗೋಡೆಗೆ ಎರಡು ಸಂಸಾರ. ಗೋಡೆಯ ಆಚೆ ಒಬ್ಬಂಟಿ ತೆಲುಗು ಅವ್ವ.

ವಸ್ತು ಅದೇ, ಬೆಲೆ ಅದೇ, ವಾಲ್ಯೂಮ್ ಅಂಕಿಯೂ ಅದೇ. ಗೋಡೆ ಮಾತ್ರ ಬೇರೆ. ಪರಿಗ್ರಹದ ಲೆಕ್ಕದಲ್ಲಿ ಎರಡು ಮನೆಗಳೂ ಸಮ. ಹಿಂಸೆಯ ಲೆಕ್ಕದಲ್ಲಿ ಸಮವಲ್ಲ. ಸಬ್‌ವೂಫರಿನಿಂದ ಹೊರಡುವ 40 ಹರ್ಟ್ಜ್ ಧ್ವನಿಯ ಒಂದು ಅಲೆಯ ಉದ್ದ ಎಂಟೂವರೆ ಮೀಟರಿಗೂ ಹೆಚ್ಚು. ಅದು ಕೋಣೆಗಿಂತ ದೊಡ್ಡದು. ಪರದೆ, ಹಾಸುಗಂಬಳಿಗಳು ಮೇಲುದನಿಯನ್ನು ಹೀರಿಕೊಳ್ಳುತ್ತವೆಯೇ ಹೊರತು ಇಂಥ ಮಂದ್ರವನ್ನು ತಡೆಯಲಾರವು. ಗೋಡೆ ತಾನೇ ನಡುಗಿ ಅದನ್ನು ಆಚೆಗೆ ದಾಟಿಸುತ್ತದೆ. ಒಳಗೆ ಕುಳಿತವರಿಗೆ ಸಂಭಾಷಣೆ, ಸಂಗೀತ, ಸ್ಫೋಟ ಎಲ್ಲವೂ ಕೂಡಿ ಕಥೆಯಾಗಿ ಕೇಳುತ್ತದೆ. ಗೋಡೆಯ ಆಚೆ ಇರುವವರಿಗೆ ಕಥೆ ದೊರೆಯುವುದಿಲ್ಲ, ಗುದ್ದು ಮಾತ್ರ ದೊರೆಯುತ್ತದೆ. ಭೋಗ ಇಲ್ಲಿ, ಅದರ ಕಸ ಅಲ್ಲಿ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶಗಳಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ ಎಂದರೆ ಹತ್ತರಿಂದ ಬೆಳಗಿನ ಆರರವರೆಗೆ. ಖಾಸಗಿ ಧ್ವನಿ ಸಾಧನವು ಮನೆಯ ಎಲ್ಲೆಯಲ್ಲಿ ಈ ಮಿತಿಯನ್ನು 5 ಡೆಸಿಬಲ್‌ಗಿಂತ ಹೆಚ್ಚು ಮೀರಕೂಡದು. ಅಳಿಯಂದಿರು ವಿದ್ಯಾವಂತರು, ಮೊಬೈಲಿನಲ್ಲಿ ಅಳೆದು ನೋಡಿ ಮಿತಿಯೊಳಗಿದೆ ಎಂದು ಸಮಾಧಾನಪಟ್ಟರು. ಆದರೆ ಈ ಡೆಸಿಬಲ್ ಲೆಕ್ಕವು ಮನುಷ್ಯನ ಕಿವಿಯ ಸ್ವಭಾವಕ್ಕೆ ಹೊಂದಿಸಿದ್ದು, ಮಂದ್ರಧ್ವನಿಗೆ ಕಡಿಮೆ ತೂಕ ಕೊಡುತ್ತದೆ. ಯಾವುದು ಗೋಡೆಯನ್ನು ಹೆಚ್ಚು ದಾಟುತ್ತದೋ ಅದನ್ನೇ ಅಳತೆಯು ಕಡಿಮೆ ಎಣಿಸುತ್ತದೆ. ಕಾನೂನಿಗೆ ಬದ್ಧರಾಗಿದ್ದುಕೊಂಡೇ ನೆರೆಯವರನ್ನು ನಿದ್ದೆಗೆಡಿಸುವುದು ಸಾಧ್ಯವಿದೆ.

ಕ್ಷಮಾವಣಿಯ ದಿನ ಮಗಳು ಎಂದಿನಂತೆ ಬೀದಿಯ ಮನೆಗಳಿಗೆಲ್ಲ ಹೋದಳು. ಪಕ್ಕದ ಮನೆಗೂ ಹೋಗಿ, “ತಿಳಿದೋ ತಿಳಿಯದೆಯೋ ಏನಾದರೂ ತಪ್ಪಾಗಿದ್ದರೆ ಕ್ಷಮಿಸಬೇಕು ಅವ್ವಾ” ಎಂದು ಕೈಮುಗಿದಳು. ಮುದುಕಿ ನಕ್ಕು, “ನಿನ್ನಿಂದೇನು ತಪ್ಪಮ್ಮಾ” ಎಂದು ಕೂರಿಸಿ, ನೀರು ಕೊಟ್ಟು, ಮಾತಿನ ನಡುವೆ ಹೇಳಿದಳು: “ಈಚೆಗೆ ರಾತ್ರಿ ಹೊತ್ತು ಗೋಡೆ ಮೇಲಿನ ಸ್ವಾಮಿ ಪಟ ಅಲುಗಾಡುತ್ತಮ್ಮಾ. ಗುಂಡಿಗೆಯೂ ಹೊಡೆದುಕೊಳ್ಳುತ್ತೆ. ಕಾಲ ಹತ್ತಿರ ಬಂತೇನೋ ಅಂದುಕೊಂಡೆ. ಯಾರಿಗೂ ಹೇಳಿಲ್ಲ.”

ತಿಳಿಯದೆ ಆದ ತಪ್ಪಿಗೆ ಕ್ಷಮೆ ಬೇಡಲು ಹೋದವಳು ಆ ಕ್ಷಣದಿಂದ ತಿಳಿದವಳಾದಳು. ಮುದುಕಿಗೆ ದೂರೇ ಇರಲಿಲ್ಲ. ಆದ್ದರಿಂದ ಆಕೆ ಕೊಟ್ಟ ಕ್ಷಮೆಯೂ ಯಾವುದಕ್ಕೆಂದು ಆಕೆಗೆ ಗೊತ್ತಿರಲಿಲ್ಲ. ಇಂಥ ಕ್ಷಮೆಯನ್ನು ಪಡೆದುಕೊಂಡು ಮನೆಗೆ ಹೋಗಬಹುದೇ? ಪಟ ಅಲುಗಾಡುವುದು ತಮ್ಮ ಪೆಟ್ಟಿಗೆಯಿಂದ ಎಂದು ಹೇಳಿದರೆ ಮುದುಕಿಯ ಭಯ ಹೋಗುತ್ತದೆ, ನೆರೆಹೊರೆಯ ವಿಶ್ವಾಸಕ್ಕೆ ಕುಂದು ಬರಬಹುದು. ಹೇಳದಿದ್ದರೆ ವಿಶ್ವಾಸ ಉಳಿಯುತ್ತದೆ, ಭಯವೂ ಉಳಿಯುತ್ತದೆ. ಸಭೆಗಳಲ್ಲಿ ಧರ್ಮಸಂಕಟವೆಂದರೆ ರಾಜರಿಗೂ ಋಷಿಗಳಿಗೂ ಬರುವುದೆಂದು ಕೇಳಿದ್ದೇವೆ. ಅದು ಹೀಗೆ ಒಂದು ಲೋಟ ನೀರಿನೊಂದಿಗೂ ಬರುತ್ತದೆ. ಅವಳು ಹೇಳಿದಳು. ಹೇಳಿದ್ದೇ ಸರಿ. ಮುದುಕಿ ಬಹಳ ಹೊತ್ತು ಸುಮ್ಮನಿದ್ದು, “ಹಾಗಾದರೆ ನನಗೇನೂ ಆಗಿಲ್ಲವಾ?” ಎಂದಷ್ಟೇ ಕೇಳಿದಳು.

ಅಳಿಯಂದಿರು ಆ ಸಂಜೆಯೇ ಸಬ್‌ವೂಫರನ್ನು ಜಂಟಿ ಗೋಡೆಯಿಂದ ತೆಗೆದು ಎದುರು ಬದಿಗೆ ಇಟ್ಟು, ಕೆಳಗೆ ದಪ್ಪ ರಬ್ಬರ್ ಹಾಸಿದರು. ಅದರ ಮಟ್ಟವನ್ನು ತಗ್ಗಿಸಿದರು. ಏರುದನಿಯನ್ನು ತಗ್ಗಿಸಿ ಮಾತನ್ನು ಉಳಿಸುವ ರಾತ್ರಿಯ ವಿಧಾನವೊಂದು ಯಂತ್ರದಲ್ಲೇ ಇತ್ತು, ಅದನ್ನು ಹಾಕಿದರು. ಮೊದಲಿನಿಂದಲೂ ಇದ್ದ ಸೌಲಭ್ಯವೇ. ಪಟ ಅಲುಗಾಡುವುದು ನಿಂತಿತು. ಹಾಗಾದರೆ ದೋಷವು ಯಂತ್ರದ ಜೋಡಣೆಯಲ್ಲಿ ಇದ್ದದ್ದೇ, ಮನಸ್ಸಿನಲ್ಲಿ ಇದ್ದದ್ದೇ ಎಂದು ಕೇಳಿದರೆ, ಮೂರ್ಛೆ ಎಂಬ ಪದವನ್ನು ಆಚಾರ್ಯರು ಎಷ್ಟು ಯೋಚಿಸಿ ಆರಿಸಿದರೆಂಬುದು ಅರ್ಥವಾಗುತ್ತದೆ. ಆ ಮನೆಯವರು ಕ್ರೂರಿಗಳಲ್ಲ. ಕೋಣೆಯ ಒಳಗಿನ ಪ್ರತಿ ಅಂಗುಲವನ್ನೂ ಅಳೆದವರು ಗೋಡೆಯ ಆಚೆಯ ಅಂಗುಲವನ್ನು ಮರೆತಿದ್ದರು, ಅಷ್ಟೆ. ಕೇಳುವ ಯಂತ್ರವನ್ನು ತಂದ ಮೇಲೆ ಆ ಕಡೆಗೆ ಕಿವಿಯೇ ಹೋಗಿರಲಿಲ್ಲ.

ಈ ಸೀಮೆಯ ವ್ಯಾಪಾರಿಗಳು ಹಿಂದೆಯೂ ಸಂಪನ್ನರಾಗಿದ್ದರು. ಮಡಕಶಿರಾ ಸೀಮೆಯ ಅಮರಾಪುರದ 1278ರ ಶಾಸನವೊಂದು ಮಲ್ಲಿಸೆಟ್ಟಿ ಎಂಬಾತನು ತಮ್ಮಡಹಳ್ಳಿಯ ಎರಡು ಸಾವಿರ ಅಡಿಕೆ ಮರಗಳನ್ನು ಬ್ರಹ್ಮ ಜಿನಾಲಯದ ಪ್ರಸನ್ನ ಪಾರ್ಶ್ವದೇವರಿಗೆ ಬಿಟ್ಟುದನ್ನು ಹೇಳುತ್ತದೆ. ರಾಯದುರ್ಗದಲ್ಲಿ ಹರಿಹರನ ಆಳ್ವಿಕೆಯ 1355ರಲ್ಲಿ ಭೋಗರಾಜನೆಂಬ ವರ್ತಕನು ಶಾಂತಿನಾಥ ಜಿನೇಶ್ವರನ ಬಿಂಬವನ್ನು ಸ್ಥಾಪಿಸಿದನು. ಅವರ ಮನೆಗಳಲ್ಲಿ ಯಾವ ಯಾವ ಭೋಗವಸ್ತುಗಳಿದ್ದವೋ ಕಲ್ಲು ಹೇಳುವುದಿಲ್ಲ. ಎರಡು ಸಾವಿರ ಮರ ಕೊಟ್ಟವನು ಎಷ್ಟು ಮರ ಇಟ್ಟುಕೊಂಡನೆಂಬುದೂ ಅದರಲ್ಲಿಲ್ಲ. ಅಂತೂ ಹೆಸರಿನಲ್ಲೇ ಭೋಗವಿದ್ದವನು ಶ್ರಾವಕನೂ ಆಗಿದ್ದನು. ಭೋಗವಸ್ತು ಮನೆಯಲ್ಲಿರುವುದಷ್ಟೇ ಯಾರನ್ನೂ ಹೊರಗೆ ಹಾಕಿಲ್ಲ.

ಭೋಗೋಪಭೋಗ ಪರಿಮಾಣ ವ್ರತದಲ್ಲಿ ಒಂದು ಸಾರಿ ಬಳಸಿ ಮುಗಿಯುವುದು ಭೋಗ, ಮತ್ತೆ ಮತ್ತೆ ಬಳಸುವುದು ಉಪಭೋಗ. ತ್ಯಾಗವು ಜೀವಾವಧಿಯದಾದರೆ ಯಮ, ಕಾಲಾವಧಿಯದಾದರೆ ನಿಯಮ ಎಂದು ಆಚಾರ್ಯ ಸಮಂತಭದ್ರರು ವಿಂಗಡಿಸಿದ್ದಾರೆ. ಮಗಳು ಫೋನಿನಲ್ಲಿ ಎಲ್ಲವನ್ನೂ ಹೇಳಿದ ರಾತ್ರಿ ರಾಯದುರ್ಗದ ಯಜಮಾನರು ತಮ್ಮ ಹಳೆಯ ಪಟ್ಟಿಯನ್ನು ತೆಗೆದು ಉಪಕರಣಗಳ ಸಂಖ್ಯೆಯ ಪಕ್ಕದಲ್ಲಿ ಒಂದು ಸಾಲು ಸೇರಿಸಿದರು. ರಾತ್ರಿ ಒಂಬತ್ತರ ಮೇಲೆ ಸಬ್‌ವೂಫರ್ ಇಲ್ಲ, ಪರ್ವದ ಹತ್ತು ದಿನ ಪ್ರವಚನವನ್ನು ಬಿಟ್ಟು ಬೇರೇನೂ ಇಲ್ಲ ಎಂದು ಬರೆದು ಮಗನಿಗೆ ತೋರಿಸಿದರು. ಮಗ ಓದಿ, “ನಮ್ಮ ಪಕ್ಕದಲ್ಲಿ ಯಾರೂ ಇಲ್ಲವಲ್ಲ ಅಪ್ಪಾ” ಎಂದನು. ರಿಸೀವರಿನ ಹಿಂದೆ ಇನ್ನೆರಡು ಸ್ಪೀಕರ್‌ಗಳಿಗೆ ಮೊಳೆಗಳು ಖಾಲಿ ಉಳಿದಿದ್ದವು; ಛಾವಣಿಗೆ ಎರಡು ಹಾಕಿದರೆ ಮಳೆಯ ಸದ್ದು ಮೇಲಿನಿಂದಲೇ ಬೀಳುತ್ತದೆಂದು ಅವನು ಆಗಲೇ ವಿಚಾರಿಸಿಕೊಂಡು ಬಂದಿದ್ದನು. ಯಜಮಾನರು ಉತ್ತರಿಸದೆ ಎದ್ದು ಹೋಗಿ ಕಿಟಕಿ ತೆರೆದರು. ಪಕ್ಕದ ನಿವೇಶನದಲ್ಲಿ ಪಾಯಕ್ಕೆ ಸುಣ್ಣದ ಗೆರೆ ಎಳೆದಿದ್ದರು.